ಸೂಫಿ ಬೇರೆ, ಹದೀಸ್ ಪಂಡಿತ ಬೇರೆ ಎನ್ನುವ ಮುನ್ನ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸೂಫಿ ಪರಂಪರೆಯ ಕುರಿತು ತಮ್ಮ ಪತ್ರಿಕೆಯ ವಾಚಕರ ಪುಟದಲ್ಲಿ ನಡೆದಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಪರವಾಗಿ ಬರೆದವರೂ ವಿರುದ್ಧವಾಗಿ ಬರೆದವರೂ ಉಳಿದೆಲ್ಲ ವಿಷಯಗಳಲ್ಲಿ ಜಗಳವಾಡಿ ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಂತಿದೆ. ಸೂಫಿ ಎಂದರೆ ಹಾಡು, ಪ್ರೇಮ, ದರ್ಗಾ, ಗಂಧ, ಉರುಸು. ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ನುಡಿ ನಡೆಗಳ ವರದಿ, ಓದಿದವರು ಎಂದರೆ ಗ್ರಂಥ, ಕಟ್ಟಳೆ, ಫತ್ವಾ. ಇವರಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದೇ ಆ ಒಮ್ಮತ. ಒಂದು ಪಕ್ಷದವರು ಇದನ್ನು ಹೇಳಿ ಸೂಫಿಗಳನ್ನು ಹೊಗಳುತ್ತಾರೆ, ಇನ್ನೊಂದು ಪಕ್ಷದವರು ಇದನ್ನೇ ಹೇಳಿ ತೆಗಳುತ್ತಾರೆ. ಇತಿಹಾಸದ ಪಾಠ ಹೇಳಿ ನಿವೃತ್ತನಾದ ನನಗೆ ಈ ಒಮ್ಮತವೇ ತಪ್ಪೆಂದು ತೋರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ಸ್ಥಳಾವಕಾಶ ನೋಡಿ ಪ್ರಕಟಿಸಬೇಕೆಂದು ವಿನಂತಿ.

ಸಾಮಾನ್ಯ ಮಾತುಗಳಲ್ಲಿ ವಾದ ಬೆಳೆಸುವುದಕ್ಕಿಂತ ಒಬ್ಬ ವ್ಯಕ್ತಿಯ ಬದುಕನ್ನು ಮುಂದಿಡುವುದು ಮೇಲು. ದೆಹಲಿಯ ಶೇಖ್ ಅಬ್ದುಲ್ ಹಕ್ ಎಂಬವರು 1551ರ ಜನವರಿಯಲ್ಲಿ ಹುಟ್ಟಿ 1642ರ ಜೂನ್‌ನಲ್ಲಿ ತೀರಿಕೊಂಡರು. ಶೇರ್ ಶಾಹನ ಮಗ ಇಸ್ಲಾಂ ಶಾಹ ಆಳುತ್ತಿದ್ದಾಗ ಕಣ್ಣುಬಿಟ್ಟವರು ಅಕ್ಬರನನ್ನೂ ಜಹಾಂಗೀರನನ್ನೂ ದಾಟಿ ಶಾಹಜಹಾನನ ಕಾಲದವರೆಗೆ ಬದುಕಿದರು. ಉತ್ತರ ಭಾರತದಲ್ಲಿ ಅವರ ಹೆಸರಿನ ಜೊತೆಗೆ ‘ಮುಹದ್ದಿಸ್’ ಎಂಬ ಬಿರುದು, ಅಂದರೆ ಹದೀಸ್ ವಿದ್ವಾಂಸರು ಎಂಬ ಬಿರುದು, ಅಳಿಸಲಾಗದಂತೆ ಅಂಟಿಕೊಂಡಿದೆ. ಅದೇ ವ್ಯಕ್ತಿ ಬಾಗ್ದಾದಿನ ಅಬ್ದುಲ್ ಕಾದಿರ್ ಜೀಲಾನಿಯವರ ಹೆಸರಿನ ಕಾದಿರೀ ಪಂಥದ ದೀಕ್ಷೆ ಪಡೆದ ಸೂಫಿ. ಮುಂದೆ ನಕ್ಷಬಂದಿ ಎಂಬ ಇನ್ನೊಂದು ಸೂಫಿ ಪಂಥದ ಖಾಜಾ ಬಾಕಿ ಬಿಲ್ಲಾಹ್ ಅವರ ಸಾನ್ನಿಧ್ಯದಲ್ಲೂ ಸಾಧನೆ ಮಾಡಿದವರು. ಇವರನ್ನು ಆ ಎರಡು ಪೆಟ್ಟಿಗೆಗಳಲ್ಲಿ ಯಾವುದರೊಳಗೆ ಹಾಕಬೇಕೆಂದು ನಮ್ಮ ಪತ್ರಲೇಖಕರು ಹೇಳಲಿ.

ಅವರ ಪೂರ್ವಿಕರು ಅಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ಬುಖಾರಾದಿಂದ ಬಂದವರು. ದೊಡ್ಡಪ್ಪ ರಿಜ್ಕುಲ್ಲಾಹ್ ಮುಷ್ತಾಕಿ ಲೋದಿ ಮತ್ತು ಸೂರ್ ಅರಸರ ಕಾಲದ ಸಂಗತಿಗಳನ್ನು ಬರೆದಿಟ್ಟ ಇತಿಹಾಸಕಾರರು. ಅವರು ಪಾರಸಿಯಲ್ಲಿ ಒಂದು ಅಂಕಿತದಿಂದಲೂ ಅಂದಿನ ಹಿಂದಿಯಾದ ಹಿಂದವಿಯಲ್ಲಿ ‘ರಾಜನ್’ ಎಂಬ ಅಂಕಿತದಿಂದಲೂ ಪದ್ಯ ಕಟ್ಟುತ್ತಿದ್ದರು. ತಂದೆ ಸೈಫುದ್ದೀನ್ ಅವರು ಪಾಣಿಪತದ ಶೇಖ್ ಅಮಾನುಲ್ಲಾಹ್ ಅವರ ಶಿಷ್ಯರಾಗಿದ್ದ ಸೂಫಿ. ಮಗನಿಗೆ ಕುರ್‌ಆನನ್ನು ತಾವೇ ಕಲಿಸಿದ ಈ ತಂದೆ ಜೊತೆಗೆ ಕೊಟ್ಟ ಬುದ್ಧಿಮಾತು ಮಗನ ಬರಹದಲ್ಲಿ ಉಳಿದಿದೆ: ಒಣ ಮುಲ್ಲಾ ಆಗಬೇಡ. ವಿದ್ವತ್ತಿನ ಚರ್ಚೆಯಲ್ಲಿ ಎದುರಾಳಿಯ ಮಾತು ಸರಿಯಾಗಿದ್ದರೆ ಒಪ್ಪಿಕೋ. ಸರಿಯಲ್ಲವೆಂದು ಕಂಡರೆ ಎರಡು ಮೂರು ಸಲ ಹೇಳಿ ನೋಡು. ಅಷ್ಟಕ್ಕೂ ಕೇಳದಿದ್ದರೆ, ನನಗೆ ತಿಳಿದದ್ದು ಇಷ್ಟು, ತಾವು ಹೇಳುವುದೂ ಇರಬಹುದು ಎಂದು ಹೇಳಿ ಎದ್ದು ಬಾ ಎಂಬುದು ಅದೇ ತಂದೆಯ ಇನ್ನೊಂದು ಸಲಹೆ. (ವಾಚಕರ ಪುಟಕ್ಕೆ ಪತ್ರ ಬರೆಯುವ ನಮಗೆಲ್ಲರಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಬಲ್ಲೆ.)

ಬಾಲ್ಯದ ಓದಿನ ಬಗ್ಗೆ ಅಬ್ದುಲ್ ಹಕ್ ಅವರೇ ಬರೆದುಕೊಂಡಿದ್ದಾರೆ. ಮದ್ರಸಾ ಮನೆಯಿಂದ ಸುಮಾರು ಎರಡು ಮೈಲಿ ದೂರದಲ್ಲಿತ್ತು. ದೆಹಲಿಯ ಚಳಿಯಲ್ಲೂ ಬಿಸಿಲಿನಲ್ಲೂ ದಿನಕ್ಕೆ ಎರಡು ಬಾರಿ ಅಲ್ಲಿಗೆ ನಡೆದು ಹೋಗುತ್ತಿದ್ದರು. ಓರಗೆಯ ಮಕ್ಕಳೊಡನೆ ಸ್ವಲ್ಪ ಆಡು, ಹೊತ್ತಿಗೆ ಸರಿಯಾಗಿ ಮಲಗು ಎಂದು ತಂದೆತಾಯಿ ಒತ್ತಾಯಿಸಿದರೆ, ಆಟವಾಡುವುದು ಮನಸ್ಸಿನ ಸಂತೋಷಕ್ಕಲ್ಲವೇ, ನನ್ನ ಮನಸ್ಸಿಗೆ ಓದಿನಲ್ಲೇ ಸಂತೋಷವಿದೆ ಎಂದು ಉತ್ತರಿಸುತ್ತಿದ್ದರಂತೆ. ರಾತ್ರಿ ದೀಪದ ಮುಂದೆ ಬಗ್ಗಿ ಓದುತ್ತಿದ್ದಾಗ ಪೇಟಕ್ಕೂ ತಲೆಗೂದಲಿಗೂ ಬೆಂಕಿ ಹತ್ತಿಕೊಂಡದ್ದುಂಟು, ಬಿಸಿ ತಲೆಗೆ ತಟ್ಟುವವರೆಗೂ ತಮಗೆ ಅದು ತಿಳಿಯುತ್ತಿರಲಿಲ್ಲ ಎಂದೂ ಬರೆಯುತ್ತಾರೆ. ಆತ್ಮಕಥನದಲ್ಲಿ ತುಸು ಬಣ್ಣವಿರಬಹುದು. ಆದರೂ ಸೂಫಿ ತಂದೆಯ ಮನೆಯಲ್ಲಿ ಬೆಳೆದ ಹುಡುಗನೊಬ್ಬ ತನ್ನನ್ನು ಹೇಗೆ ನೆನಪಿಸಿಕೊಳ್ಳಲು ಬಯಸಿದ ಎಂಬುದು ಇದರಿಂದ ಗೊತ್ತಾಗುತ್ತದೆ: ಸಮಾಧಿ ಸ್ಥಿತಿಯಲ್ಲಿ ಮೈಮರೆತವನಾಗಿ ಅಲ್ಲ, ಪುಸ್ತಕದ ಮುಂದೆ ಮೈಮರೆತವನಾಗಿ.

ಯೌವನದಲ್ಲಿ ಅವರು ಅಕ್ಬರನ ರಾಜಧಾನಿ ಫತೇಪುರ ಸೀಕ್ರಿಯಲ್ಲಿ ಕೆಲಕಾಲ ಇದ್ದರು. ಆಸ್ಥಾನಕವಿ ಫೈಜಿ, ಇತಿಹಾಸಕಾರರಾದ ನಿಜಾಮುದ್ದೀನ್ ಅಹಮದ್ ಮತ್ತು ಬದಾಯೂನಿ ಅವರ ಸ್ನೇಹ ಬೆಳೆದದ್ದು ಆ ದಿನಗಳಲ್ಲಿ. 1575ರಲ್ಲಿ ಅಕ್ಬರ್ ಅಲ್ಲಿ ಧರ್ಮಚರ್ಚೆಗಾಗಿ ಇಬಾದತ್ ಖಾನೆ ಕಟ್ಟಿಸಿದ, 1579ರಲ್ಲಿ ಧಾರ್ಮಿಕ ಭಿನ್ನಾಭಿಪ್ರಾಯಗಳಲ್ಲಿ ತನ್ನ ತೀರ್ಮಾನವೇ ಮಾನ್ಯವೆಂಬ ಪತ್ರಕ್ಕೆ ಉಲೇಮಾಗಳಿಂದ, ಅಂದರೆ ಧರ್ಮಪಂಡಿತರಿಂದ, ಸಹಿ ಹಾಕಿಸಿದ. ಅಲ್ಲಿನ ವಾತಾವರಣ ಅಬ್ದುಲ್ ಹಕ್ ಅವರಿಗೆ ಹಿಡಿಸಲಿಲ್ಲ. 1587ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಅವರು ಹಜ್ ಯಾತ್ರೆಗೆಂದು ದೆಹಲಿ ಬಿಟ್ಟು ಗುಜರಾತಿನ ದಾರಿ ಹಿಡಿದರು. ಅಕ್ಬರನ ಉದಾರ ನೀತಿಯನ್ನು ಮೆಚ್ಚುವ ನಮ್ಮಂಥವರಿಗೆ ಈ ನಿರ್ಗಮನ ಅಷ್ಟು ಹಿತವಾಗಿ ಕಾಣದು. ಆದರೆ ನಮಗೆ ಹಿತವಾಗುವಂತೆ ಅವರ ಬದುಕನ್ನು ತಿದ್ದುವುದು ಸಲ್ಲದು.

ಅಹಮದಾಬಾದಿನಲ್ಲಿ ಅವರು ಕಂಡದ್ದು ಶೇಖ್ ವಜೀಹುದ್ದೀನ್ ಅಲವಿ ಅವರನ್ನು. ಅವರಿಂದ ಕಾದಿರೀ ಪಂಥದ ಕೆಲವು ಜಪಕ್ರಮಗಳನ್ನು ಕಲಿತರು. ಇಲ್ಲಿ ಒಂದು ಹಳೆಯ ಪ್ರಸಂಗವನ್ನು ಹೇಳಲೇಬೇಕು. ಗ್ವಾಲಿಯರಿನ ಸೂಫಿ ಮುಹಮ್ಮದ್ ಗೌಸ್ ಗುಜರಾತಿಗೆ ಬಂದಾಗ, ಆತ್ಮದ ಆರೋಹಣದ ಬಗ್ಗೆ ಅವರು ಹೇಳಿಕೊಂಡ ಮಾತುಗಳು ಧರ್ಮಬಾಹಿರವೆಂದು ಅಲಿ ಮುತ್ತಕಿ ಎಂಬ ಮಹಾ ವಿದ್ವಾಂಸರು ಫತ್ವಾ ಕೊಟ್ಟರು. ಅಂದಿನ ಸುಲ್ತಾನ ಶಿಕ್ಷೆಗೆ ಮುನ್ನ ವಜೀಹುದ್ದೀನರ ಅಭಿಪ್ರಾಯ ಕೇಳಿದ. ಗ್ರಂಥಪಾಂಡಿತ್ಯಕ್ಕೆ ಹೆಸರಾಗಿದ್ದ ವಜೀಹುದ್ದೀನರು ಗೌಸರ ಮನೆಗೆ ಹೋಗಿ ನೋಡಿ, ಮನಸೋತು, ಫತ್ವಾವನ್ನೇ ಹರಿದು ಹಾಕಿದರೆಂದು ಬದಾಯೂನಿ ಬರೆಯುತ್ತಾನೆ. ಈ ಕಥೆಯನ್ನು ಕೇಳಿದ ಕೂಡಲೇ, ನೋಡಿ, ಫತ್ವಾ ಕೊಟ್ಟವರು ಗ್ರಂಥದವರು, ಹರಿದವರು ಸೂಫಿ ಎಂದು ನಮ್ಮ ಪತ್ರಲೇಖಕರು ಹೇಳಿಬಿಡಬಹುದು. ಆದರೆ ಫತ್ವಾ ಕೊಟ್ಟ ಅಲಿ ಮುತ್ತಕಿಯವರೂ ಸೂಫಿಯೇ. ಅವರು ಚಿಷ್ತಿ ಎಂಬ ಸೂಫಿ ಪಂಥದ ಮನೆತನದ ಪರಿಸರದಲ್ಲಿ ಬೆಳೆದು, ಕಾದಿರೀ ಮತ್ತು ಶಾಜಿಲೀ ಎಂಬ ಸೂಫಿ ಪಂಥಗಳ ದೀಕ್ಷೆ ಪಡೆದಿದ್ದವರು. ಹರಿದು ಹಾಕಿದ ವಜೀಹುದ್ದೀನರೋ ಮದ್ರಸಾ ನಡೆಸಿ ಪಾಠ್ಯಗ್ರಂಥಗಳಿಗೆ ಟೀಕೆ ಟಿಪ್ಪಣಿ ಬರೆದ ಅಪ್ಪಟ ಮೇಷ್ಟ್ರು. ಜಗಳ ನಡೆದದ್ದು ಇಬ್ಬರು ಸೂಫಿ ಪಂಡಿತರ ನಡುವೆ. ಅಬ್ದುಲ್ ಹಕ್ ಅವರು ಅತ್ತ ವಜೀಹುದ್ದೀನರ ಪಾದದ ಬಳಿಯೂ ಕುಳಿತರು, ಇತ್ತ ಮಕ್ಕಾ ತಲುಪಿ ಅಲಿ ಮುತ್ತಕಿಯವರ ಪಟ್ಟಶಿಷ್ಯರ ಬಳಿಯೂ ಕುಳಿತರು. ಇಬ್ಬರ ಬಗ್ಗೆಯೂ ಗೌರವದಿಂದಲೇ ಬರೆದರು.

ಅಲಿ ಮುತ್ತಕಿಯವರ ಬಗ್ಗೆ ಎರಡು ಮಾತು. ಬುರ್ಹಾನಪುರದಲ್ಲಿ ಹುಟ್ಟಿ ಮಕ್ಕಾದಲ್ಲಿ ನೆಲೆಸಿ 1567ರಲ್ಲಿ ತೀರಿಕೊಂಡ ಇವರು ‘ಕನ್ಜುಲ್ ಉಮ್ಮಾಲ್’ ಎಂಬ ಸಂಗ್ರಹವನ್ನು ಸಿದ್ಧಪಡಿಸಿದರು. ಈಜಿಪ್ಟಿನ ವಿದ್ವಾಂಸ ಸುಯೂತಿ ಕಲೆಹಾಕಿದ್ದ ಹದೀಸ್‌ಗಳನ್ನು ವಿಷಯವಾರು ವಿಂಗಡಿಸಿದ ಗ್ರಂಥ ಅದು. ನಲವತ್ತಾರು ಸಾವಿರಕ್ಕೂ ಹೆಚ್ಚು ವರದಿಗಳು ಅದರಲ್ಲಿವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಇಷ್ಟನ್ನು ವಿಂಗಡಿಸಿದ್ದು ಎಂಥ ತಪಸ್ಸೆಂಬುದನ್ನು ಗ್ರಂಥಾಲಯದಲ್ಲಿ ಕೆಲಸ ಮಾಡಿದವರು ಊಹಿಸಬಲ್ಲರು. ಬಡ ವಿದ್ಯಾರ್ಥಿಗಳಿಗೆ ತಮ್ಮ ಕೈಯಿಂದಲೇ ಶಾಯಿ ತಯಾರಿಸಿ ಕೊಡುತ್ತಿದ್ದರು, ಅಪರೂಪದ ಗ್ರಂಥಗಳ ಪ್ರತಿ ಮಾಡಿಸಿ ಅವು ಸಿಗದ ನಾಡುಗಳಿಗೆ ಕಳುಹಿಸುತ್ತಿದ್ದರು ಎಂಬ ಮಾತು ಶಿಷ್ಯಪರಂಪರೆಯಲ್ಲಿ ಉಳಿದುಬಂದಿದೆ. ಶಾಯಿ ಅರೆಯುವ ಪೀರರ ಚಿತ್ರ ನಮ್ಮ ಯಾವ ಕ್ಯಾಲೆಂಡರಿನಲ್ಲೂ ಬರುವುದಿಲ್ಲ.

ಅವರ ಶಿಷ್ಯ ಅಬ್ದುಲ್ ವಹಾಬ್ ಮುತ್ತಕಿ ಮಾಂಡೂ ಮೂಲದವರು. ಮಕ್ಕಾದಲ್ಲಿ ಅಬ್ದುಲ್ ಹಕ್ ಅವರಿಗೆ ‘ಮಿಷ್ಕಾತುಲ್ ಮಸಾಬೀಹ್’ ಗ್ರಂಥವನ್ನು ಪಾಠ ಹೇಳಿದವರು ಇವರೇ. ಅದರ ಜೊತೆಗೆ ಏಕಾಂತ ಸಾಧನೆಯ ಕ್ರಮವನ್ನು ತೋರಿಸಿಕೊಟ್ಟವರೂ ಇವರೇ. ಒಬ್ಬ ಗುರು, ಎರಡು ವಿದ್ಯೆ. ಇವಕ್ಕೆ ಬೇರೆ ಬೇರೆ ಗುರುಗಳು ಬೇಕೆಂದು ಆ ಗುರುವಿಗೂ ಅನಿಸಲಿಲ್ಲ, ಶಿಷ್ಯನಿಗೂ ಅನಿಸಲಿಲ್ಲ.

ಮಿಷ್ಕಾತ್ ಎಂಥ ಗ್ರಂಥವೆಂದು ಹೇಳದೆ ಮುಂದೆ ಹೋದರೆ ಈ ಪತ್ರದ ಅರ್ಧ ಅರ್ಥವೇ ಹೋದೀತು. ಪ್ರವಾದಿ ಮುಹಮ್ಮದರ ನುಡಿ, ನಡೆ, ಅವರು ಸಮ್ಮತಿಸಿದ ಸಂಗತಿಗಳ ವರದಿಗಳೇ ಹದೀಸ್‌ಗಳು. ಪ್ರತಿಯೊಂದಕ್ಕೂ ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ ಕೇಳಿದರು ಎಂಬ ನಿರೂಪಕರ ಸರಪಳಿ ಇರುತ್ತದೆ. ಆ ಸರಪಳಿಯ ಪ್ರತಿ ಕೊಂಡಿಯನ್ನೂ ಪರೀಕ್ಷಿಸಿ, ಇವರಿಬ್ಬರು ನಿಜವಾಗಿ ಭೇಟಿಯಾಗಿದ್ದರೇ, ಇವರ ನೆನಪು ಗಟ್ಟಿಯಾಗಿತ್ತೇ, ಇವರು ಸತ್ಯವಂತರೇ ಎಂದು ವಿಚಾರಿಸಿ, ವರದಿಯನ್ನು ಪ್ರಬಲ, ಉತ್ತಮ, ದುರ್ಬಲ ಎಂದು ದರ್ಜೆ ಕಟ್ಟುವುದು ಹದೀಸ್ ವಿದ್ವಾಂಸರ ಕೆಲಸ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಬಗವಿ ಎಂಬ ವಿದ್ವಾಂಸರ ಸಂಗ್ರಹವೊಂದನ್ನು 1337ರಲ್ಲಿ ಖತೀಬ್ ತಬ್ರೀಜಿ ಎಂಬವರು ವಿಸ್ತರಿಸಿ, ಯಾವ ವರದಿ ಯಾವ ಮೂಲಗ್ರಂಥದ್ದೆಂದು ಗುರುತಿಸಿ, ಸುಮಾರು ಆರು ಸಾವಿರ ಹದೀಸ್‌ಗಳ ಮಿಷ್ಕಾತನ್ನು ರೂಪಿಸಿದರು. ನಮ್ಮ ದೇಶದ ಮದ್ರಸಾಗಳಲ್ಲಿ ಇಂದಿಗೂ ಅದು ಪಠ್ಯ.

ಈ ಗ್ರಂಥದ ಆರಂಭದಲ್ಲೇ ಒಂದು ಪ್ರಸಿದ್ಧ ಹದೀಸ್ ಇದೆ. ಎರಡನೆಯ ಖಲೀಫ ಉಮರ್ ಹೇಳುತ್ತಾರೆ: ಒಂದು ದಿನ ನಾವು ಪ್ರವಾದಿಯವರ ಬಳಿ ಇದ್ದಾಗ ಅಚ್ಚ ಬಿಳಿಯ ಬಟ್ಟೆಯ, ಕಡುಗಪ್ಪು ಕೂದಲಿನ ಒಬ್ಬ ಬಂದ, ಪ್ರಯಾಣ ಮಾಡಿ ಬಂದ ಗುರುತು ಅವನ ಮೇಲಿರಲಿಲ್ಲ, ಆದರೂ ನಮ್ಮಲ್ಲಿ ಯಾರಿಗೂ ಅವನ ಪರಿಚಯವಿರಲಿಲ್ಲ. ಅವನು ಪ್ರವಾದಿಯವರ ಮಂಡಿಗೆ ಮಂಡಿ ತಾಗಿಸಿ ಕುಳಿತು, ಇಸ್ಲಾಂ ಎಂದರೇನು, ಈಮಾನ್ ಎಂದರೇನು, ಇಹ್ಸಾನ್ ಎಂದರೇನು ಎಂದು ಒಂದೊಂದಾಗಿ ಕೇಳಿದ. ಮೊದಲನೆಯದಕ್ಕೆ ನಮಾಜು, ಉಪವಾಸ ಮೊದಲಾದ ಆಚರಣೆಗಳು ಉತ್ತರವಾದವು. ಎರಡನೆಯದಕ್ಕೆ ದೇವರು, ದೇವದೂತರು, ಗ್ರಂಥಗಳು ಮುಂತಾದವುಗಳ ಮೇಲಿನ ನಂಬಿಕೆ ಉತ್ತರವಾಯಿತು. ಮೂರನೆಯದಕ್ಕೆ, ದೇವರನ್ನು ನೀನು ಕಾಣುತ್ತಿರುವಂತೆ ಆರಾಧಿಸು, ನೀನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ ಎಂಬ ಉತ್ತರ ಬಂತು. ಅವನು ಹೋದ ಮೇಲೆ, ಬಂದವನು ದೇವದೂತ ಜಿಬ್ರೀಲ್, ನಿಮಗೆ ನಿಮ್ಮ ಧರ್ಮವನ್ನು ಕಲಿಸಲು ಬಂದಿದ್ದ ಎಂದು ಪ್ರವಾದಿಯವರು ಹೇಳಿದರು.

ಈ ವರದಿ ‘ಸಹೀಹ್ ಮುಸ್ಲಿಂ’ ಎಂಬ ಮಾನ್ಯ ಹದೀಸ್ ಸಂಗ್ರಹದಲ್ಲಿದೆ, ಅಂದರೆ ಪ್ರಾಮಾಣ್ಯದ ಮೇಲಿನ ದರ್ಜೆಯದು. ಅಬ್ದುಲ್ ಹಕ್ ಅವರು ಇದನ್ನು ವಿವರಿಸುತ್ತ, ಮೂರು ಪ್ರಶ್ನೆಗಳನ್ನು ಮೂರು ವಿದ್ಯೆಗಳಿಗೆ ಹೊಂದಿಸುತ್ತಾರೆ: ಆಚರಣೆ ಧರ್ಮಶಾಸ್ತ್ರದ ಕ್ಷೇತ್ರ, ನಂಬಿಕೆ ಸಿದ್ಧಾಂತಶಾಸ್ತ್ರದ ಕ್ಷೇತ್ರ, ಇಹ್ಸಾನ್ ತಸವ್ವುಫಿನ, ಅಂದರೆ ಸೂಫಿ ಮಾರ್ಗದ, ಕ್ಷೇತ್ರ, ಮೂರೂ ಸೇರಿದಾಗಲೇ ಧರ್ಮ ಪೂರ್ಣ. ಸೂಫಿ ಮಾರ್ಗಕ್ಕೆ ಅವರು ಆಧಾರ ಹುಡುಕಿದ್ದು ಯಾವುದೋ ಗೂಢ ಗ್ರಂಥದಲ್ಲಲ್ಲ, ಸರಪಳಿ ಪರೀಕ್ಷೆಯಲ್ಲಿ ಗೆದ್ದ ಹದೀಸ್‌ನಲ್ಲಿ. ಹದೀಸ್ ಓದಿದರೆ ಸೂಫಿ ಮಾರ್ಗ ತಾನಾಗಿ ಬಿಟ್ಟುಹೋಗುತ್ತದೆ ಎಂಬ ವಾದವಾಗಲಿ, ಸೂಫಿಗೆ ಹದೀಸ್ ಬೇಡ ಎಂಬ ವಾದವಾಗಲಿ ಈ ಒಂದು ಪುಟದ ಮುಂದೆ ನಿಲ್ಲುವುದು ಕಷ್ಟ.

ಅವರಿಗೆ ಮಕ್ಕಾ ಮದೀನಾಗಳಲ್ಲೇ ಉಳಿದುಬಿಡುವ ಮನಸ್ಸಿತ್ತು. ಗುರುಗಳು ಒಪ್ಪಲಿಲ್ಲ; ನಿನ್ನ ಕೆಲಸ ಹಿಂದುಸ್ತಾನದಲ್ಲಿದೆ ಎಂದು ಕಳುಹಿಸಿಕೊಟ್ಟರು. 1592ರ ಹೊತ್ತಿಗೆ ದೆಹಲಿಗೆ ಮರಳಿ ಮದ್ರಸಾ ತೆರೆದರು. ಫೈಜಿ ಕರೆಸಿಕೊಳ್ಳಲು ಪ್ರಯತ್ನಿಸಿದರೂ ಆಸ್ಥಾನದ ಕಡೆ ತಲೆ ಹಾಕಲಿಲ್ಲ. ಆನಂತರದ ಅರ್ಧ ಶತಮಾನ ಪಾಠ ಮತ್ತು ಬರವಣಿಗೆಯಲ್ಲಿ ಕಳೆಯಿತು; ಅರವತ್ತರ ಸುಮಾರು ಕೃತಿಗಳು ಹೊರಬಂದವು. ಮಿಷ್ಕಾತಿನ ಮೇಲೆ ಅವರು ಎರಡು ವ್ಯಾಖ್ಯಾನಗಳನ್ನು ಬರೆದರು. ‘ಲಮಆತ್’ ಅರಬ್ಬಿಯಲ್ಲಿ, ವಿದ್ವಾಂಸರಿಗಾಗಿ. ‘ಅಶಿಅತುಲ್ ಲಮಆತ್’ ಪಾರಸಿಯಲ್ಲಿ, ಅರಬ್ಬಿ ಬಾರದ ಓದುಗರಿಗಾಗಿ. ಅಂದಿನ ದೆಹಲಿಯಲ್ಲಿ ಓದುಬರಹ ಬಲ್ಲವರ ಭಾಷೆ ಪಾರಸಿ. ಆ ಭಾಷೆಯಲ್ಲಿ ಮಿಷ್ಕಾತಿನ ಪ್ರತಿಯೊಂದು ಹದೀಸನ್ನೂ ಅನುವಾದಿಸಿ, ಕಠಿಣ ಪದ ಬಿಡಿಸಿ, ಭಿನ್ನ ಮತಗಳನ್ನು ಹೇಳಿ, ನಾಲ್ಕು ಸಂಪುಟಗಳಷ್ಟು ಬರೆದದ್ದು ಪಾಂಡಿತ್ಯದ ಬಾಗಿಲನ್ನು ಬಹಳ ಮಂದಿಗೆ ತೆರೆದ ಕೆಲಸ. ನನ್ನ ದೃಷ್ಟಿಯಲ್ಲಿ ಅವರ ಮಹತ್ವ ಬಹುಪಾಲು ಇಲ್ಲಿದೆ. ಹದೀಸ್ ಶಾಸ್ತ್ರದ ಪರಿಭಾಷೆಯನ್ನು ತಿಳಿಸಲು ಅವರು ಬರೆದ ಚಿಕ್ಕ ಪೀಠಿಕೆಯೊಂದು ಭಾರತದ ಮಿಷ್ಕಾತ್ ಮುದ್ರಣಗಳ ಮೊದಲಲ್ಲಿ ಇಂದಿಗೂ ಅಚ್ಚಾಗುತ್ತದೆ. ಮಗ ನೂರುಲ್ ಹಕ್ ಅವರು ಅದೇ ದಾರಿಯಲ್ಲಿ ‘ಸಹೀಹ್ ಬುಖಾರಿ’ ಎಂಬ ಹದೀಸ್ ಸಂಗ್ರಹಕ್ಕೆ ಪಾರಸಿ ವ್ಯಾಖ್ಯಾನ ಬರೆದರು.

ಇದೇ ಲೇಖನಿಯಿಂದ ‘ಅಖ್ಬಾರುಲ್ ಅಖ್ಯಾರ್’ ಕೂಡ ಬಂತು. ಭಾರತದ ಸೂಫಿ ಸಂತರ ಜೀವನಚರಿತ್ರೆಗಳ ಆ ಕೋಶವನ್ನು ಬಿಟ್ಟು ಇಂದು ಯಾರೂ ಈ ವಿಷಯದ ಸಂಶೋಧನೆ ಮಾಡಲಾರರು. ಬಾಗ್ದಾದಿನ ಅಬ್ದುಲ್ ಕಾದಿರ್ ಜೀಲಾನಿಯವರಿಂದ ಆರಂಭಿಸಿ, ಅಜ್ಮೀರದ ಖಾಜಾ ಮೊಯಿನುದ್ದೀನರಿಗೆ ಬಂದು, ತಮ್ಮ ಕಾಲದವರೆಗೆ ಹೇಳಿಕೊಂಡು ಹೋಗುತ್ತಾರೆ. ಭಾರತದ ಸಂತರ ಕೋಶದಲ್ಲಿ ಬಾಗ್ದಾದಿನವರಿಗೆ ಮೊದಲ ಮಣೆ ಹಾಕಿದ್ದು ಕಾದಿರೀ ಭಕ್ತಿಯಿಂದ. ಅದನ್ನವರು ಮುಚ್ಚಿಡುವುದೂ ಇಲ್ಲ. ಕೊನೆಯ ಭಾಗದಲ್ಲಿ ಬೀಬಿ ಸಾರಾ, ಬೀಬಿ ಫಾತಿಮಾ ಸಾಮ್ ಮೊದಲಾದ ಸಾಧ್ವಿಯರಿಗೆ ಪ್ರತ್ಯೇಕ ಸ್ಥಾನವಿದೆ. ಸಂತರ ಕಥೆ ಹೇಳುವಾಗಲೂ ಆಕರ ಗ್ರಂಥಗಳನ್ನು ಹೆಸರಿಸುವ, ಒಂದು ಮಾತು ಯಾರಿಂದ ಬಂತೆಂದು ಕೇಳುವ ಹದೀಸ್ ಮೇಷ್ಟ್ರ ಅಭ್ಯಾಸ ಅವರನ್ನು ಬಿಡುವುದಿಲ್ಲ. ಪವಾಡಗಳನ್ನು ಅವರು ತಳ್ಳಿಹಾಕುವವರಲ್ಲ, ಆದರೆ ಅವುಗಳ ಮೇಲೆಯೇ ಕಥೆ ಕಟ್ಟುವವರೂ ಅಲ್ಲ.

1619ರಲ್ಲಿ ಅವರು ಜಹಾಂಗೀರನನ್ನು ಕಂಡಾಗ ಇಂಥ ಸಂತಚರಿತ್ರೆಯ ಗ್ರಂಥವನ್ನೇ ತೋರಿಸಿದರು. ಬಹುಕಾಲದಿಂದ ದೆಹಲಿಯ ಒಂದು ಮೂಲೆಯಲ್ಲಿ ದೇವರನ್ನು ನಂಬಿ ಬದುಕುತ್ತಿರುವ ಗೌರವಾರ್ಹ ವ್ಯಕ್ತಿ, ಅವರ ಸಹವಾಸ ಹಿತಕರ ಎಂಬ ಅರ್ಥದಲ್ಲಿ ಬಾದಶಹ ತನ್ನ ದಿನಚರಿಯಲ್ಲಿ ಬರೆದು, ಉಡುಗೊರೆ ಕೊಟ್ಟು ಕಳುಹಿಸಿದ. ಅದೇ ವರ್ಷ ಅದೇ ಬಾದಶಹ ಸರ್ಹಿಂದದ ಶೇಖ್ ಅಹಮದ್ ಎಂಬ ಇನ್ನೊಬ್ಬ ಸೂಫಿಯನ್ನು ಗ್ವಾಲಿಯರ್ ಕೋಟೆಯಲ್ಲಿ ಸೆರೆಗೆ ಹಾಕಿದ. ಇಬ್ಬರೂ ಬಾಕಿ ಬಿಲ್ಲಾಹ್ ಅವರ ಬಳಿ ಕುಳಿತವರು. ಇಬ್ಬರಿಗೂ ಅಕ್ಬರನ ಪ್ರಯೋಗಗಳು ಹಿಡಿಸಿರಲಿಲ್ಲ. ಆದರೂ ಸರ್ಹಿಂದಿಯವರು ತಮ್ಮ ಆಧ್ಯಾತ್ಮಿಕ ಸ್ಥಾನದ ಬಗ್ಗೆ ಹೇಳಿಕೊಂಡ ಕೆಲವು ಮಾತುಗಳು ಪ್ರವಾದಿಯವರ ಗೌರವಕ್ಕೆ ಕುಂದು ತರುತ್ತವೆಂದು ಅಬ್ದುಲ್ ಹಕ್ ಅವರು ಕಟುವಾದ ದೀರ್ಘ ಪತ್ರ ಬರೆದಿದ್ದರು. ತಂದೆಯ ಬುದ್ಧಿಮಾತು ಆ ದಿನ ಅವರಿಗೆ ನೆನಪಿತ್ತೋ ಇಲ್ಲವೋ. ಮುಂದೆ ಅವರ ಮನಸ್ಸು ತಿಳಿಯಾಯಿತೆಂದು ಹೇಳುವ ಪತ್ರವೊಂದಿದೆ. ಅದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಅವರು ಅರಮನೆಯಿಂದ ಪೂರ್ತಿ ದೂರ ಉಳಿದರೆಂದೂ ಹೇಳಲಾಗದು. ರಾಜಧರ್ಮದ ಬಗ್ಗೆ ಜಹಾಂಗೀರನಿಗಾಗಿ ಒಂದು ಚಿಕ್ಕ ಕೃತಿ ಬರೆದರು. ಆದರೆ ಅದೇ ಬಾದಶಹ ಕೊನೆಗಾಲದಲ್ಲಿ ಅವರನ್ನು ದೆಹಲಿ ಬಿಡಿಸಿ ಕಾಶ್ಮೀರಕ್ಕೆ ಬರಹೇಳಿದ. ಲಾಹೋರಿನಲ್ಲಿ ಅವರು ಸೂಫಿ ಮಿಯಾನ್ ಮೀರ್ ಅವರನ್ನು ಕಂಡು ಸಂಕಟ ಹೇಳಿಕೊಂಡರೆಂದೂ, ಅಷ್ಟರಲ್ಲಿ ಬಾದಶಹನೇ ತೀರಿಕೊಂಡ ಸುದ್ದಿ ಬಂದು ಪ್ರಯಾಣ ನಿಂತಿತೆಂದೂ ಶಾಹಜಹಾನನ ಮಗ ದಾರಾ ಶಿಕೋಹ್ ಬರೆಯುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ, ಭಾರತಕ್ಕೆ ಹದೀಸ್ ವಿದ್ಯೆ ತಂದ ಮೊದಲಿಗರು ಇವರೇ ಎಂದು ಕೆಲವರು ಬರೆಯುವುದನ್ನು ಒಪ್ಪಬೇಕಾಗಿಲ್ಲ. ಲಾಹೋರಿನಲ್ಲಿ 1181ರಲ್ಲಿ ಹುಟ್ಟಿದ ಹಸನ್ ಸಗಾನಿಯವರ ‘ಮಶಾರಿಕುಲ್ ಅನ್ವಾರ್’ ಎಂಬ ಹದೀಸ್ ಸಂಗ್ರಹ ದೆಹಲಿಯಲ್ಲಿ ಪಠ್ಯವಾಗಿತ್ತು. ಅದನ್ನು ಪೂರ್ತಿ ಕಂಠಪಾಠ ಮಾಡಿ, ಪಾಠ ಹೇಳುವ ಅನುಮತಿಯನ್ನು ಗುರುಗಳಿಂದ ಪಡೆದವರು ಬೇರಾರೂ ಅಲ್ಲ, ದೆಹಲಿಯ ಪ್ರಸಿದ್ಧ ಚಿಷ್ತಿ ಸಂತ ಹಜರತ್ ನಿಜಾಮುದ್ದೀನ್ ಔಲಿಯಾ. ಅವರ ಸಂಗೀತ ಗೋಷ್ಠಿಗಳ ಬಗ್ಗೆ ಗಿಯಾಸುದ್ದೀನ್ ತುಘಲಕನ ಮುಂದೆ ವಿಚಾರಣೆ ನಡೆದಾಗ ಏನಾಯಿತೆಂಬುದು ‘ಸಿಯರುಲ್ ಔಲಿಯಾ’ ಎಂಬ ಸಂತಚರಿತ್ರೆಯಲ್ಲಿ ಬಂದಿದೆ. ನಿಜಾಮುದ್ದೀನರು ತಮ್ಮ ಪರವಾಗಿ ಹದೀಸನ್ನು ಮುಂದಿಟ್ಟರು. ಎದುರಿಗಿದ್ದ ಉಲೇಮಾಗಳು, ನಾವು ಧರ್ಮಶಾಸ್ತ್ರಜ್ಞ ಅಬೂ ಹನೀಫರ ಮತದವರು, ಹದೀಸ್ ಬೇಡ, ಅವರ ಅಭಿಪ್ರಾಯವಿದ್ದರೆ ತೋರಿಸಿ ಎಂದರು. ಪ್ರವಾದಿಯ ಮಾತಿಗೆ ಬೆಲೆಯಿಲ್ಲದ ಊರು ಹೇಗೆ ಉಳಿದೀತು ಎಂದು ನಿಜಾಮುದ್ದೀನರು ಮನೆಗೆ ಬಂದು ನೊಂದುಕೊಂಡರು. ಕವ್ವಾಲಿಯ ಪರವಾಗಿ ಹದೀಸ್ ಉದ್ಧರಿಸಿದವರು ಸೂಫಿ, ಬೇಡವೆಂದವರು ಕಾಜಿಗಳು! ನಮ್ಮ ಚರ್ಚೆಯಲ್ಲಿ ಎರಡೂ ಪಕ್ಷಗಳು ಕಟ್ಟಿಕೊಂಡಿರುವ ಚಿತ್ರಕ್ಕೆ ಇದು ನೇರ ತದ್ವಿರುದ್ಧ.

ನಮ್ಮ ನಾಡಿಗೂ ಈ ಪರಂಪರೆ ಬಂದಿದೆ, ಅದು ಪರವೂರಿನ ಸುದ್ದಿಯಲ್ಲ. ಕಲಬುರಗಿಯ ಖಾಜಾ ಬಂದೇನವಾಜ್ ಗೇಸುದರಾಜರು ನಿಜಾಮುದ್ದೀನರ ಉತ್ತರಾಧಿಕಾರಿ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರು. ತರುಣರಾಗಿದ್ದಾಗ ಗ್ರಂಥಪಾಠ ಬಿಟ್ಟು ಸಾಧನೆಯಲ್ಲೇ ಮುಳುಗಬೇಕೆಂದು ಅವರು ಬಯಸಿದರೆ, ಮೊದಲು ಓದು ಮುಗಿಸು ಎಂದು ತಡೆದವರು ಆ ಗುರುಗಳೇ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಗುಜರಾತಿನ ಮೂಲಕ, ಎಂಬತ್ತರ ಅಂಚಿನಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ಇಲ್ಲೇ ಮಣ್ಣಾದರು. ಅವರ ಕೃತಿಗಳ ಪಟ್ಟಿಯಲ್ಲಿ ಕುರ್‌ಆನ್ ವ್ಯಾಖ್ಯಾನವಿದೆ, ಸಗಾನಿಯವರ ಮಶಾರಿಕಿನ ಮೇಲಿನ ವ್ಯಾಖ್ಯಾನವೂ ಇದೆ. ಇನ್ನೂರು ವರ್ಷಗಳ ಮೇಲೆ ದೆಹಲಿಯಲ್ಲಿ ಕುಳಿತು ಅಬ್ದುಲ್ ಹಕ್ ಅವರು ಸಂತರ ಕೋಶ ಬರೆಯುವಾಗ ಕಲಬುರಗಿಯ ಈ ಖಾಜಾರಿಗೆ ಆದರದ ಸ್ಥಾನ ಕೊಟ್ಟರು. ಇತ್ತ ನಮ್ಮ ವಿಜಯಪುರದಲ್ಲಿ ಜನ ಹಾಶಿಂಪೀರ್ ಎಂದು ನಡೆದುಕೊಳ್ಳುವ ಸಂತರು ಅಹಮದಾಬಾದಿನ ಅದೇ ವಜೀಹುದ್ದೀನರ ಮನೆತನದವರು. ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ವಿಜಯಪುರಕ್ಕೆ ಬಂದಿದ್ದ ಸಿಬಗತುಲ್ಲಾಹ್ ಅವರು ವಜೀಹುದ್ದೀನರ ಶಿಷ್ಯರು. ಅವರು ಕೊನೆಗೆ ಮದೀನಾ ಸೇರಿ ಅಲ್ಲಿ ಪಾಠ ಹೇಳಿಕೊಂಡಿದ್ದು 1606ರಲ್ಲಿ ತೀರಿಕೊಂಡರು. ಹಾಶಿಂಪೀರರ ದರ್ಗಾಕ್ಕೆ ಹರಕೆ ಹೊತ್ತು ಬರುವ ಎಷ್ಟೋ ಜನರಿಗೆ, ಹರಕೆಯ ಆಚೆ ಒಂದು ಪಾಠಶಾಲೆಯ ಪರಂಪರೆಯೂ ಅಲ್ಲಿಗೆ ತಲುಪಿದೆಯೆಂಬುದನ್ನು ಯಾರೂ ಹೇಳಿಕೊಟ್ಟಿಲ್ಲ.

ಒಂದು ಆಕ್ಷೇಪವನ್ನು ಮುಂಚೆಯೇ ಎದುರಿಸಬೇಕು. ದರ್ಗಾ ಆಚರಣೆಗಳ ಬಗ್ಗೆ ಇಂದು ಮುಸ್ಲಿಮರ ನಡುವೆಯೇ ತೀವ್ರ ಭಿನ್ನಾಭಿಪ್ರಾಯವಿದೆ, ಒಂದು ಕಡೆಯವರು ಹದೀಸನ್ನೇ ಮುಂದಿಟ್ಟು ಉರುಸನ್ನು ವಿರೋಧಿಸುತ್ತಾರೆ, ಹಾಗಿರುವಾಗ ವಿರೋಧವೇ ಇಲ್ಲವೆನ್ನುವುದು ಹೇಗೆ ಎಂದು ಕೇಳಬಹುದು. ಭಿನ್ನಾಭಿಪ್ರಾಯ ಇರುವುದು ನಿಜ. ಆದರೆ ದರ್ಗಾ ಆಚರಣೆಗಳಲ್ಲಿ ಹಲವನ್ನು ಒಪ್ಪದ ದೇವಬಂದ್ ಪರಂಪರೆಯವರೂ ಅವನ್ನು ಎತ್ತಿಹಿಡಿಯುವ ಬರೇಲಿ ಪರಂಪರೆಯವರೂ ಅಬ್ದುಲ್ ಹಕ್ ಅವರನ್ನು ತಮ್ಮ ಹಿರಿಯರೆಂದೇ ಉದ್ಧರಿಸುತ್ತಾರೆ. ಯಾವ ಆಚರಣೆಗೆ ಆಧಾರವಿದೆ, ಯಾವುದಕ್ಕಿಲ್ಲ ಎಂಬುದು ಅವರ ಒಳಗಿನ ವಾದ, ಅದು ಅವರ ಹಕ್ಕು. ಆ ವಾದವನ್ನು ಸೂಫಿ ಮತ್ತು ಹದೀಸ್ ಎಂಬ ಎರಡು ಬಣಗಳ ಯುದ್ಧವೆಂದು ಹೊರಗಿನವರಾದ ನಾವು ಬಣ್ಣಿಸಿದಾಗ, ಒಳಗಿನವರು ಆಡುತ್ತಿರುವ ಮಾತು ನಮಗೆ ಕೇಳಿಸುವುದೇ ಇಲ್ಲ. ಹಾಗೆಯೇ, ಅಬ್ದುಲ್ ಹಕ್ ಅವರನ್ನು ಇಂದಿನ ಅರ್ಥದ ಸೌಹಾರ್ದದ ಹರಿಕಾರರನ್ನಾಗಿ ಮಾಡುವುದೂ ಬೇಡ. ಅವರು ತಮ್ಮ ಧರ್ಮದ ಕಟ್ಟಳೆಗಳಲ್ಲಿ ಬಿಗಿಯಾಗಿದ್ದವರು. ಸೂಫಿ ಎಂದ ಮಾತ್ರಕ್ಕೆ ಪ್ರತಿಯೊಬ್ಬರೂ ಕಬೀರರಾಗಬೇಕೆಂದು ನಿರೀಕ್ಷಿಸುವುದು ನಮ್ಮ ಆಸೆ, ಇತಿಹಾಸದ ಸಾಲವೇನಲ್ಲ.

ಅವರ ಸಮಾಧಿ ದೆಹಲಿಯ ಮೆಹ್ರೌಲಿಯಲ್ಲಿ, ಹೌಜ್-ಎ-ಶಮ್ಸಿ ಕೆರೆಯ ಬಳಿ ಇದೆ. ಕುತುಬ್ ಮಿನಾರ್ ನೋಡಲು ಹೋಗುವ ಕನ್ನಡಿಗರು ಇಚ್ಛೆಯಿದ್ದರೆ ಅಲ್ಲಿಗೂ ಹೋಗಿ ಬರಬಹುದು.

ಕೊನೆಯಲ್ಲಿ ತಮ್ಮಲ್ಲಿ ಒಂದು ಕೋರಿಕೆ. ಪ್ರತಿ ವರ್ಷ ಕಲಬುರಗಿಯ ಉರುಸಿನ ಹೊತ್ತಿಗೆ ಪತ್ರಿಕೆಗಳು ಗಂಧದ ಮೆರವಣಿಗೆಯ ಚಿತ್ರಗಳನ್ನೂ ಕವ್ವಾಲಿಯ ವರದಿಗಳನ್ನೂ ಚೆನ್ನಾಗಿ ಪ್ರಕಟಿಸುತ್ತವೆ, ಅವು ಬರಲಿ. ಮುಂದಿನ ಉರುಸಿನ ಪುಟದಲ್ಲಿ ಬಂದೇನವಾಜರು ಏನು ಓದಿದರು, ಏನು ಪಾಠ ಹೇಳಿದರು, ಏನು ಬರೆದರು ಎಂಬುದಕ್ಕೂ, ಪಾರಸಿ ಅರಬ್ಬಿ ಬಲ್ಲ ವಿದ್ವಾಂಸರಿಂದ ಬರೆಸಿ, ಎರಡು ಕಾಲಂ ಜಾಗ ಮೀಸಲಿಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ವಿಜಯಪುರ